ಜ್ವರ ತಲೆಗೇರುವ ದಾರಿ

“ಅಕ್ಕಾ, ಕೊಟ್ಟಿಗೆ ಬಾಗ್ಲು ಹಾಕಿದ್ಯನೇ? ಮಳೆ ಒಳಗೆ ಬಡೀತಾ ಇದೆ, ಕರು ನೆನೀತದೆ.”

ಅಮ್ಮ ಹೀಗೆ ಕೇಳಿದ್ದು ನನ್ನನ್ನು. ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ತೀರಿಕೊಂಡು 11 ವರ್ಷವಾಗಿತ್ತು. ಸೊರಬದ ಕಡೆಯ ಆ ಕೊಟ್ಟಿಗೆಯ ಮನೆ ಮಾರಿ ಅದಕ್ಕಿಂತಲೂ ಹೆಚ್ಚು ಕಾಲವಾಗಿತ್ತು. ಆಷಾಢದ ಮಳೆ ಹೊಯ್ಯುತ್ತಿದ್ದದ್ದು ಮಾತ್ರ ನಿಜ. ನಾವಿದ್ದದ್ದು ಸಾಗರದಲ್ಲಿ, ತಮ್ಮನ ಮನೆಯ ಮಹಡಿ ಕೋಣೆಯಲ್ಲಿ. ಅಮ್ಮ ಹೊದಿಕೆಯ ಅಂಚನ್ನು ಬೆರಳಿನಿಂದ ಎಳೆಎಳೆಯಾಗಿ ಬಿಡಿಸುತ್ತಿದ್ದಳು. ಹೂವು ಕಟ್ಟುವ ಮೊದಲು ಬಾಳೆನಾರು ಸೀಳುತ್ತಾರಲ್ಲ, ಹಾಗೆ.

ಹಿಂದಿನ ದಿನ ಬೆಳಿಗ್ಗೆ ಇದೇ ಅಮ್ಮ, 76ರ ಅಮ್ಮ, ಪತ್ರಿಕೆಯ ಪದಬಂಧವನ್ನು ಕಾಫಿ ಆರುವುದರೊಳಗೆ ತುಂಬಿಸಿಟ್ಟಿದ್ದಳು. ಮಧ್ಯಾಹ್ನ ಊಟ ಬೇಡವೆಂದಳು. ಸಂಜೆ ಮಾತು ಕಡಿಮೆಯಾಯಿತು. ರಾತ್ರಿ ಎದ್ದು ಬಾಗಿಲು ಹುಡುಕಿದಳು. ತಮ್ಮ ಫೋನು ಮಾಡಿದಾಗ ನಾನು ಶಿವಮೊಗ್ಗದಿಂದ ಮೊದಲ ಬಸ್ಸು ಹಿಡಿದು ಬಂದೆ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಮಾತು ಸಿದ್ಧವಾಗಿಯೇ ಇದೆ: ಅರವತ್ತಕ್ಕೆ ಅರಳು ಮರಳು. ಆ ಮಾತು ನಮ್ಮ ಒಂದೂವರೆ ದಿನವನ್ನು ತಿಂದುಹಾಕಿತು. ಮೊದಲು ತೋರಿಸಿದ ವೈದ್ಯರು ಥರ್ಮಾಮೀಟರ್ ನೋಡಿದರು, 99.4 ಇತ್ತು. ಬಿ.ಪಿ. ನೋಡಿದರು. “ವಯಸ್ಸಾಯ್ತಲ್ಲ, ಇನ್ನು ಹೀಗೇ” ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನುಂಗಿದ ಮೇಲೆ ಅಮ್ಮ ಇನ್ನೂ ದೂರ ಹೋದಳು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಆ ಹೊತ್ತಿಗೆ ನನಗೂ ಬೇರೇನೂ ಹೊಳೆಯಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ.

ಎರಡನೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಹುಡುಗಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಮೊನ್ನೆ ಹೇಗಿದ್ರು?” ಪದಬಂಧದ ವಿಷಯ ಹೇಳಿದೆ. “ಹಾಗಾದ್ರೆ ಇದು ಮರೆವಿನ ಕಾಯಿಲೆ ಅಲ್ಲ. ಮರೆವು ವರ್ಷಗಟ್ಟಲೆ ತಗೊಂಡು ಬರುತ್ತೆ, ಒಂದೇ ದಿನದಲ್ಲಿ ಬರಲ್ಲ. ಒಳಗೆ ಎಲ್ಲೋ ಸೋಂಕಿರಬೇಕು” ಎಂದರು. ಮೂತ್ರ, ಸಿಆರ್‌ಪಿ (ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನು), ಸೋಡಿಯಂ, ರಕ್ತದ ಕಣಗಳ ಎಣಿಕೆ, ಎಲ್ಲದಕ್ಕೂ ಕಳಿಸಿದರು. ಮೂತ್ರದಲ್ಲಿ ಸೋಂಕು ತುಂಬಿತ್ತು. ಸಿಆರ್‌ಪಿ ಏರಿತ್ತು. ತಮ್ಮ ಹೆದರಿಕೊಂಡೇ ಕೇಳಿದ, “ಮಂಗನ ಕಾಯಿಲೆ ಆಗಿರಬಹುದಾ ಮೇಡಂ?”

ಅವನ ಹೆದರಿಕೆಗೆ ಕಾರಣವಿತ್ತು. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಅಮ್ಮನ ತವರಿನ ಸೀಮೆಯದೇ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಅಮ್ಮ ಚಿಕ್ಕ ಹುಡುಗಿ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಜೀವ ತೆಗೆದಿತ್ತು. ಜ್ವರ ಬಿಟ್ಟಿತು ಅಂದುಕೊಂಡ ಮೇಲೆ ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಅದು ಎರಡನೆಯ ಸಲ ಮರಳುತ್ತದೆ. ಆಗ ತಲೆ ಸಿಡಿಯುವ ನೋವು, ನಡುಕ, ಬುದ್ಧಿ ತಪ್ಪಿದ ಮಾತು. ಮಲೆನಾಡಿನವರಿಗೆ ಜ್ವರ ಮತ್ತು ಬುದ್ಧಿಭ್ರಮೆ ಜೊತೆಗೂಡಿದರೆ ಎದೆ ಝಲ್ಲೆನ್ನುವುದು ಸುಮ್ಮನಲ್ಲ. ಡಾಕ್ಟರು ಸಮಾಧಾನ ಹೇಳಿದರು. ಅದು ಉಣುಗು ಕಚ್ಚಿ ಬರುವಂಥದ್ದು, ಅದರ ಕಾಲ ಚಳಿಗಾಲದಿಂದ ಬೇಸಿಗೆಯವರೆಗೆ, ಈ ಮಳೆಯಲ್ಲಿ ಅಲ್ಲ. “ಇವರಿಗೆ ಸೋಂಕು ಮೂತ್ರಕೋಶದಲ್ಲೇ ಇದೆ. ತಲೆಗೆ ಹೋಗಿಲ್ಲ.”

ಆ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಬ್ಯಾಕ್ಟೀರಿಯಾ ಹೊಟ್ಟೆಯ ಕೆಳಗೆ, ಒಂದು ಚೀಲದಲ್ಲಿದೆ. ತಲೆಗೆ ಹೋಗಿಲ್ಲ. ಆದರೆ ಅಮ್ಮ ಅರವತ್ತು ವರ್ಷ ಹಿಂದಿನ ಕೊಟ್ಟಿಗೆಯಲ್ಲಿದ್ದಾಳೆ. ಹಾಗಾದರೆ ತಲೆಗೆ ಹೋದದ್ದು ಏನು? ಯಾವ ದಾರಿಯಲ್ಲಿ ಹೋಯಿತು?

ನಮ್ಮ ಅಜ್ಜಿಯಂದಿರಿಗೆ ಇದರ ಅರಿವಿತ್ತು. “ಜ್ವರ ತಲೆಗೇರಿದೆ” ಎನ್ನುತ್ತಿದ್ದರು. “ಸನ್ನಿ ಹಿಡಿದಿದೆ” ಎನ್ನುತ್ತಿದ್ದರು. ಆಯುರ್ವೇದದಲ್ಲಿ ವಾತ ಪಿತ್ತ ಕಫ ಮೂರೂ ಒಟ್ಟಿಗೆ ಕೆರಳಿದ ಸನ್ನಿಪಾತ ಜ್ವರ ಎಂಬುದಿದೆ, ನಮ್ಮ ಸನ್ನಿ ಅಲ್ಲಿಂದ ಬಂದದ್ದು. ಇವತ್ತು ವೈದ್ಯರು ಡೆಲಿರಿಯಂ ಅನ್ನುವುದು ಅದನ್ನೇ. ಸನ್ನಿ ಎನ್ನುವ ಪದ ಮನೆಯಲ್ಲಿ ಬಳಕೆಯಲ್ಲಿದ್ದಿದ್ದರೆ ನಾವು ಅರಳು ಮರಳಿನ ಕಡೆ ಹೊರಳುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅರಳು ಮರಳು ಅಂದರೆ ವಯಸ್ಸಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಸನ್ನಿ ಅಂದರೆ ಜ್ವರದ ಮೂಲ ಹುಡುಕಲೇಬೇಕು.

ಆಸ್ಪತ್ರೆಯ ಆ ಐದು ರಾತ್ರಿ, ಆಮೇಲಿನ ತಿಂಗಳುಗಳಲ್ಲಿ, ನಾನು ಈ ದಾರಿಯನ್ನೇ ಹುಡುಕಿಕೊಂಡು ಓದಿದೆ.

ತರಗತಿಯಲ್ಲಿ ನಾನು ಹೇಳಿಕೊಡುತ್ತಿದ್ದದ್ದು ಗೋಡೆಯ ಕಥೆ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಶ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲಕ್ಕೂ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿಗೆ ಆ ಬಣ್ಣ ಹಿಡಿಯುವ ಗುಣವೇ ಇಲ್ಲ ಎಂದು ಎರ್ಲಿಶ್ ತಿಳಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನೇ ತಿರುಗಿಸಿ ಮಾಡಿದರು: ನೀಲಿ ಬಣ್ಣವನ್ನು ಮಿದುಳು, ಮಿದುಳುಬಳ್ಳಿಯ ಸುತ್ತ ಇರುವ ದ್ರವಕ್ಕೆ ಬಿಟ್ಟರು. ಈಗ ಮಿದುಳು ನೀಲಿಯಾಯಿತು, ಮೈಯ ಉಳಿದ ಭಾಗ ಆಗಲಿಲ್ಲ. ಅಂದರೆ ನಡುವೆ ತಡೆಯೊಂದಿದೆ. 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಆ ತಡೆ ಕಣ್ಣಿಗೂ ಕಂಡಿತು. ಮಿದುಳಿನ ಸಣ್ಣ ರಕ್ತನಾಳಗಳ ಒಳಮೈಯ ಕೋಶಗಳು ಒಂದಕ್ಕೊಂದು ಸಂದು ಬಿಡದಂತೆ ಹೊಲಿದುಕೊಂಡಿದ್ದವು. ಹೀಗೆ ಹೇಳಿ, ಮಿದುಳು ಕೋಟೆಯೊಳಗಿನ ರಾಜ, ರಕ್ತದ ಗದ್ದಲ ಅಲ್ಲಿಗೆ ತಲುಪುವುದಿಲ್ಲ ಅಂತ ಮಕ್ಕಳಿಗೆ ಬರೆಸುತ್ತಿದ್ದೆ. ಪ್ರತಿ ವರ್ಷ.

ಕೋಟೆಯ ಹೋಲಿಕೆಯನ್ನು ಈಗ ಬಿಟ್ಟಿದ್ದೇನೆ. ನಮ್ಮ ಮನೆಗಳ ಜಗುಲಿ ಇದಕ್ಕೆ ಹತ್ತಿರ. ಬಂದವರೆಲ್ಲ ನಡುಮನೆಗೆ ಬರುವುದಿಲ್ಲ. ಆದರೆ ಜಗುಲಿಯಲ್ಲಿ ಕೂತು ಒಬ್ಬರು ಸುದ್ದಿ ಹೇಳಿದರೆ ಅದು ಅಡುಗೆ ಮನೆಗೆ ತಲುಪದೆ ಇರುವುದೂ ಇಲ್ಲ.

ಜಗುಲಿ ಎಂದದ್ದು ರಕ್ತನಾಳದ ಆ ಗೋಡೆಯನ್ನೇ. ಮೂತ್ರಕೋಶದಲ್ಲಿ ಸೋಂಕು ಕಂಡ ಬಿಳಿ ರಕ್ತಕಣಗಳು ಸೈಟೋಕೈನ್ ಎಂಬ ಪ್ರೋಟೀನುಗಳನ್ನು ಸುರಿಸುತ್ತವೆ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಅವುಗಳಲ್ಲಿ ಹೆಸರಾದವು. ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಮುಟ್ಟಿದರೆ ಅದು ಸಿಆರ್‌ಪಿ ತಯಾರಿಸುತ್ತದೆ. ಲ್ಯಾಬಿನ ಚೀಟಿಯಲ್ಲಿ ನಾವು ಓದಿದ ಅಂಕಿ ಅದರದ್ದು. ಇದೇ ಸೈಟೋಕೈನ್‌ಗಳು ರಕ್ತದಲ್ಲಿ ತೇಲಿ ಮಿದುಳಿನ ನಾಳಗಳಿಗೂ ಬರುತ್ತವೆ. ಅಲ್ಲಿ ಗೋಡೆ ದಾಟುವ ಅಗತ್ಯವೇ ಬೀಳುವುದಿಲ್ಲ. ಗೋಡೆಯ ಕೋಶಗಳು ರಕ್ತದ ಕಡೆಯಿಂದ ಸುದ್ದಿ ಕೇಳಿ, ಒಳಗಡೆಗೆ ಪ್ರೊಸ್ಟಾಗ್ಲಾಂಡಿನ್ ಎಂಬ ಸಣ್ಣ ಕೊಬ್ಬಿನ ಅಣುವನ್ನು ಬಿಡುತ್ತವೆ. ಅದು ಮಿದುಳಿನಲ್ಲಿ ಮೈಬಿಸಿಯನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ಗೆ ತಲುಪಿದರೆ ಮೈ ಇಷ್ಟು ಬೆಚ್ಚಗಿರಬೇಕು ಎಂಬ ಅಳತೆ ಮೇಲೇರುತ್ತದೆ. ಮೈ 98ರಲ್ಲಿದೆ, ಮಿದುಳು 102 ಬೇಕು ಅನ್ನುತ್ತಿದೆ. ಆಗ ಹಲ್ಲು ಕಟಕಟಿಸುವ ಚಳಿ. ಜ್ವರ ಏರುವ ಮೊದಲು ಕಂಬಳಿ ಮೇಲೆ ಕಂಬಳಿ ಕೇಳುವುದು ಇದಕ್ಕೇ. ಪ್ಯಾರಾಸಿಟಮಾಲ್ ಈ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಗ್ಗಿಸುತ್ತದೆ. ಅಳತೆ ಕೆಳಗಿಳಿಯುತ್ತದೆ, ಬೆವರು ಬಿಟ್ಟು ಜ್ವರ ಇಳಿಯುತ್ತದೆ. ಸೋಂಕು ಇದ್ದಲ್ಲೇ ಇರುತ್ತದೆ. ಸುದ್ದಿ ನಿಂತಿರುತ್ತದೆ, ಅಷ್ಟೆ.

ವಯಸ್ಸಾದವರಲ್ಲಿ ಈ ಕಾಯಿಸುವ ಕೆಲಸ ಎಷ್ಟೋ ಸಲ ಸೊರಗಿರುತ್ತದೆ. ಸೋಂಕು ಜೋರಾಗಿದ್ದರೂ ಥರ್ಮಾಮೀಟರ್ 99ರ ಹತ್ತಿರವೇ ನಿಲ್ಲಬಹುದು. ಅಮ್ಮನಿಗೆ ಆದದ್ದು ಅದೇ. ಜ್ವರ ಮೈಗೇರಲಿಲ್ಲ. ತಲೆಗೆ ಮಾತ್ರ ಏರಿತು.

ಸುದ್ದಿಗೆ ಇನ್ನೂ ದಾರಿಗಳಿವೆ. ಮಿದುಳಿನ ಕೆಲವು ಸಣ್ಣ ಜಾಗಗಳಲ್ಲಿ ಗೋಡೆ ಬೇಕೆಂದೇ ಸಡಿಲವಾಗಿದೆ. ರಕ್ತದಲ್ಲಿ ವಿಷವಿದೆಯೇ ಎಂದು ಮೂಸಿ ನೋಡಿ ವಾಂತಿ ತರಿಸುವ ಜಾಗ ಅಂಥದ್ದರಲ್ಲಿ ಒಂದು. ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸಿದ್ದು ವೇಗಸ್ ನರ. ಕುತ್ತಿಗೆಯ ಎರಡೂ ಪಕ್ಕದಲ್ಲಿ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳು ಎಲ್ಲವನ್ನೂ ಸುತ್ತಿ ಬರುವ ನರ ಅದು. ಲ್ಯಾಟಿನ್‌ನಲ್ಲಿ ಆ ಹೆಸರಿಗೆ ಅಲೆಮಾರಿ ಅಂತಲೇ ಅರ್ಥ. ಮಿದುಳಿನ ಆಜ್ಞೆಯನ್ನು ಕೆಳಗೆ ಒಯ್ಯುವ ನರ ಅಂತ ನಾನು ಪಾಠ ಮಾಡುತ್ತಿದ್ದೆ. ಆದರೆ ಅದರ ಹೆಚ್ಚಿನ ಎಳೆಗಳು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. 1990ರ ದಶಕದಲ್ಲಿ ಇಲಿಗಳ ಹೊಟ್ಟೆಯಲ್ಲಿ ಈ ನರವನ್ನು ಕತ್ತರಿಸಿ, ಆಮೇಲೆ ಹೊಟ್ಟೆಯೊಳಗೆ ಇಂಟರ್‌ಲ್ಯೂಕಿನ್-1 ಕೊಟ್ಟು ನೋಡಿದರು. ನರ ಸರಿಯಿದ್ದ ಇಲಿಗಳು ಮುದುಡಿ ಮೂಲೆ ಸೇರಿದವು. ನರ ಕತ್ತರಿಸಿದವುಗಳಲ್ಲಿ ಆ ಮಂಕು ಬಹಳ ಕಡಿಮೆಯಿತ್ತು. ರಕ್ತದಲ್ಲಿ ತೇಲುವ ಸುದ್ದಿ ಅಂಚೆಯಾದರೆ ಇದು ತಂತಿ.

ಮೂಲೆ ಸೇರುವುದು. ಇದರ ಬಗ್ಗೆ ಸ್ವಲ್ಪ ಹೊತ್ತು ನಿಂತು ಹೇಳಬೇಕು.

ಜ್ವರ ಬಂದ ದನ ಮೇವು ಬಿಡುತ್ತದೆ, ಹಿಂಡಿನಿಂದ ಬೇರೆಯಾಗಿ ಮಲಗುತ್ತದೆ, ಕಿವಿ ಜೋಲು ಬೀಳುತ್ತದೆ, ಮೈ ನೆಕ್ಕಿಕೊಳ್ಳುವುದಿಲ್ಲ. ದನ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ. ರೋಗ ಮೈಯನ್ನು ಸೋಲಿಸಿದ್ದರಿಂದ ಹೀಗಾಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಕ್ಯಾಲಿಫೋರ್ನಿಯಾದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಬೇರೆ ಮಾತು ಹೇಳಿದರು. ಇದು ಸೋಲಲ್ಲ, ಮಿದುಳೇ ಹೊರಡಿಸಿದ ಏರ್ಪಾಡು. ಮೈ ಕಾಯಿಸಲು ತುಂಬ ಇಂಧನ ಬೇಕು. ಅಲೆದಾಟ, ಮೇವು ಹುಡುಕಾಟ, ಜಗಳ, ಶೃಂಗಾರ ಎಲ್ಲವನ್ನೂ ನಿಲ್ಲಿಸಿದರೆ ಆ ಇಂಧನ ಸೋಂಕಿನ ಕಡೆ ಹೋಗುತ್ತದೆ. ಅದಕ್ಕೂ ಮೊದಲು, 1970ರ ದಶಕದಲ್ಲಿ, ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮರುಭೂಮಿಯ ಇಗ್ವಾನಾ ಎಂಬ ಓತಿಯ ಮೇಲೆ ಕೆಲಸ ಮಾಡಿದ್ದರು. ಓತಿಗೆ ತನ್ನ ಮೈಯನ್ನು ಒಳಗಿನಿಂದ ಕಾಯಿಸಲು ಬರುವುದಿಲ್ಲ. ಆದರೆ ಸತ್ತ ಬ್ಯಾಕ್ಟೀರಿಯಾ ಚುಚ್ಚಿದ ಓತಿಗಳು ತಾವಾಗಿಯೇ ಹೆಚ್ಚು ಬಿಸಿಯಿರುವ ಜಾಗಕ್ಕೆ ನಡೆದುಹೋಗಿ ಕೂತವು. ನಡೆದುಹೋಗಿ ಜ್ವರ ತಂದುಕೊಂಡವು. ಜೀವಂತ ಸೋಂಕು ಕೊಟ್ಟು ಬೇರೆ ಬೇರೆ ಬಿಸಿಯಲ್ಲಿ ಇಟ್ಟಾಗ, ಬಿಸಿ ಹೆಚ್ಚಿದ ಕಡೆ ಹೆಚ್ಚು ಓತಿಗಳು ಬದುಕಿದವು.

ಓತಿ ಬಿಸಿಲಿಗೆ ಹೋಗಬೇಕೆಂದು ನಿರ್ಧರಿಸಿದ್ದು ಯಾವುದು? ಮಿದುಳು. ಮಿದುಳಿಗೆ ಹೇಳಿದ್ದು ಯಾವುದು? ರಕ್ತ. ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಜ್ವರ ಬಂದಾಗ ಬಾಯಿ ಕಹಿ, ಯಾರ ಮಾತೂ ಬೇಡ, ಬೆಳಕು ಬೇಡ, ಬದುಕೇ ಬೇಸರ ಅನಿಸುವುದನ್ನು ನಾವೆಲ್ಲ ಉಂಡವರು. “ಲಂಘನಂ ಪರಮೌಷಧಂ” ಎಂದು ಗಂಜಿ ಕೊಟ್ಟು ಮಲಗಿಸುತ್ತಿದ್ದ ಹಿರಿಯರು ಈ ಏರ್ಪಾಡಿಗೆ ಅಡ್ಡ ಬರುತ್ತಿರಲಿಲ್ಲ. ಮನಸ್ಸಿನ ಆ ಬೇಸರವೂ ಸೈಟೋಕೈನ್‌ಗಳ ಕೆಲಸವೇ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ನೋವಿನ ದಾರಿಯಲ್ಲಿ. ಹೆಪಟೈಟಿಸ್ ಸಿ ರೋಗಕ್ಕೆ ಈಗಿನ ಮಾತ್ರೆಗಳು ಬರುವ ಮೊದಲು ಇಂಟರ್‌ಫೆರಾನ್ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಇಂಟರ್‌ಫೆರಾನ್ ನಮ್ಮ ಮೈಯೇ ತಯಾರಿಸುವ ಸೈಟೋಕೈನ್. ಅದನ್ನು ತೆಗೆದುಕೊಂಡವರಲ್ಲಿ ನಾಲ್ವರಿಗೆ ಒಬ್ಬರಷ್ಟು ಜನ ತೀವ್ರ ಖಿನ್ನತೆಗೆ ಬಿದ್ದರು. ಮೊದಲು ಗಟ್ಟಿಯಾಗಿದ್ದವರು, ಮನೆಯಲ್ಲಿ ಯಾವ ಹೊಸ ದುಃಖವೂ ಇಲ್ಲದವರು. ಇದಕ್ಕೆ ಒಂದು ವಿವರಣೆ ಹೀಗಿದೆ: ಉರಿಯೂತ ಹೆಚ್ಚಿದಾಗ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ, ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಆಗುವ ಬದಲು, ಕೈನುರೆನಿನ್ ಎಂಬ ಬೇರೆ ಕವಲಿಗೆ ತಿರುಗುತ್ತದೆ. ಗದ್ದೆಗೆ ಹೋಗುವ ನೀರನ್ನು ಮೇಲಿನವರು ತಮ್ಮ ತೋಟಕ್ಕೆ ತಿರುಗಿಸಿಕೊಂಡ ಹಾಗೆ. ಎಲ್ಲ ಖಿನ್ನತೆಯೂ ಉರಿಯೂತದಿಂದಲೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಅದು ನಿಜವೂ ಅಲ್ಲ. ಆದರೆ ದೊಡ್ಡ ಕಾಯಿಲೆಯಿಂದ ಎದ್ದವರು ಮಂಕಾಗಿದ್ದರೆ “ಮನಸ್ಸು ಗಟ್ಟಿ ಮಾಡ್ಕೋ” ಎಂದು ಗದರುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ.

ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳದಿದ್ದರೆ ಆಗುವುದಿಲ್ಲ, ಯಾಕೆಂದರೆ ಅದನ್ನು ಓದುವಾಗ ನನಗೆ ದೊಡ್ಡಮ್ಮ ನೆನಪಾದಳು. ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ ನವೋಮಿ ಐಸನ್‌ಬರ್ಗರ್ ಮತ್ತು ಜೊತೆಯವರು ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ಹೊರಪದರದ ಅತಿ ಸಣ್ಣ ಪ್ರಮಾಣವನ್ನು ಕೊಟ್ಟರು. ಕೆಲವು ಗಂಟೆ ಅವರ ಸೈಟೋಕೈನ್ ಏರಿತು. ಜನರಿಂದ ತಾವು ದೂರವಾದಂತೆ ಅವರಿಗೆ ಅನ್ನಿಸಿತು, ಮನಸ್ಸು ಕುಗ್ಗಿತು. ಇಷ್ಟು ನಿರೀಕ್ಷಿಸಿದ್ದೇ. ಆದರೆ ಮುಂದೆ ತಮಗೆ ಆಸರೆಯಾದ ಆಪ್ತರ ಚಿತ್ರ ತೋರಿಸಿದಾಗ, ಮಿದುಳಿನಲ್ಲಿ ಬಯಕೆ ಮತ್ತು ಸುಖಕ್ಕೆ ಸಂಬಂಧಿಸಿದ ಭಾಗ ಮಾಮೂಲಿಗಿಂತ ಹೆಚ್ಚು ಮಿಡಿಯಿತು. ಕಾಯಿಲೆ ಬಿದ್ದವರಿಗೆ ನೋಡಲು ಬರುವ ನೆಂಟರು ಬೇಡ. ತನ್ನವರು ಬೇಕು.

ಅಮ್ಮನಿಗೆ ತನ್ನವಳು ಅಂದರೆ ಅಕ್ಕ. ಏಳನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಅಮ್ಮನನ್ನು ಜ್ವರದಲ್ಲಿ, ಚಳಿಯಲ್ಲಿ, ಮೈಲಿ ಹಾಕಿದಾಗ ನೋಡಿಕೊಂಡದ್ದು ಆ ಅಕ್ಕನೇ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತ ನನ್ನನ್ನು ಅವಳು ಮಗಳೆಂದು ಗುರುತಿಸದಿದ್ದಾಗ ಮೊದಲ ದಿನ ಅತ್ತಿದ್ದೆ. ಆಮೇಲೆ ಅಳಲಿಲ್ಲ. “ಹಾಕಿದೀನಿ ಕಣೇ, ಅಗಳಿ ಜಡಿದು ಬಂದೆ” ಎನ್ನುತ್ತಿದ್ದೆ. ಅವಳ ಕೈ ಹೊದಿಕೆ ಎಳೆಯುವುದನ್ನು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು.

ಇನ್ನು ಸುದ್ದಿ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ರಾಬರ್ಟ್ ಏಡರ್ ಮತ್ತು ರೋಗನಿರೋಧಕ ವಿಜ್ಞಾನಿ ನಿಕೊಲಸ್ ಕೋಹೆನ್ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿ ನೀರು ಕುಡಿಸಿ, ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಟ್ಟರು. ಆಮೇಲೆ ಔಷಧಿ ಇಲ್ಲದೆ ಬರೀ ಸಿಹಿ ನೀರು ಕೊಟ್ಟರೂ ಅವುಗಳ ಪ್ರತಿಕಾಯಗಳು ಕಡಿಮೆಯಾದವು. ನಾಲಿಗೆಯ ರುಚಿಯ ನೆನಪು ರಕ್ತದ ಕಣಗಳವರೆಗೆ ಇಳಿದಿತ್ತು. ಕೆವಿನ್ ಟ್ರೇಸಿ ಎಂಬ ನರಶಸ್ತ್ರವೈದ್ಯರ ತಂಡ 2000ದಲ್ಲಿ ವೇಗಸ್ ನರವನ್ನು ವಿದ್ಯುತ್ತಿನಿಂದ ಮೀಟಿ ಇಲಿಗಳಲ್ಲಿ ಟಿಎನ್‌ಎಫ್ ಇಳಿಸಿತು. ಮೇಲೆ ಸುದ್ದಿ ಒಯ್ದ ಅದೇ ನರ, ಸಾಕು ನಿಲ್ಲಿಸು ಎಂಬ ಮಾತನ್ನೂ ಕೆಳಗೆ ತರುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಆ ನರ ಮೀಟುವ ಸಾಧನವೊಂದಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿದೆ.

ಮಿದುಳಿನ ಹೊದಿಕೆಯಲ್ಲಿ ದುಗ್ಧನಾಳಗಳೇ (ಲಿಂಫ್ ನಾಳಗಳೇ) ಇಲ್ಲ ಎಂಬುದನ್ನೂ ನಾನು ಖಚಿತವಾಗಿ ಬೋಧಿಸಿದ್ದೆ. ಇಟಲಿಯ ಪಾವೊಲೊ ಮಸ್ಕಾನಿ 1787ರಷ್ಟು ಹಿಂದೆಯೇ ಅವುಗಳನ್ನು ಕಂಡು ಚಿತ್ರಿಸಿದ್ದರು. ಯಾರೂ ನಂಬಲಿಲ್ಲ. 2015ರಲ್ಲಿ ವರ್ಜೀನಿಯಾದಲ್ಲಿ ಜೊನಾಥನ್ ಕಿಪ್ನಿಸ್ ಅವರ ಪ್ರಯೋಗಾಲಯದ ಆಂಟ್ವಾನ್ ಲೂವೊ, ಅದೇ ಹೊತ್ತಿಗೆ ಫಿನ್ಲೆಂಡಿನ ಹೆಲ್ಸಿಂಕಿಯ ತಂಡ, ಇಲಿಗಳ ಮಿದುಳಿನ ಹೊದಿಕೆಯಲ್ಲಿ ಅವುಗಳನ್ನು ಮತ್ತೆ ತೋರಿಸಿದರು. ಮಿದುಳಿನಿಂದ ಹೊರಬಿದ್ದ ದ್ರವ ಆ ನಾಳಗಳ ಮೂಲಕ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಇಳಿಯುತ್ತದೆ. ಅಲ್ಲಿ ಕಾದಿರುವ ಬಿಳಿ ಕಣಗಳು ಮಿದುಳಿನ ಯೋಗಕ್ಷೇಮವನ್ನು ಆ ದ್ರವದಲ್ಲಿ ಓದಿಕೊಳ್ಳುತ್ತವೆ. ಮಸ್ಕಾನಿಯ ಚಿತ್ರ 228 ವರ್ಷ ಕಾದಿತ್ತು.

ಈಗ ವಯಸ್ಸಿನ ಮಾತಿಗೆ ಬರುತ್ತೇನೆ. ಇದೇ ಸೋಂಕು ನನಗಾಗಿದ್ದರೆ ಎರಡು ದಿನ ಸುಸ್ತಾಗಿ ಮಲಗುತ್ತಿದ್ದೆ. ಅಮ್ಮನಿಗೆ ಕಾಲವೇ ಯಾಕೆ ಕಲಸಿಹೋಯಿತು?

ಮಿದುಳಿಗೆ ತನ್ನದೇ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ಟೆಗಾ 1919ರಲ್ಲಿ ಇವನ್ನು ಬೇರೆಯಾಗಿ ಗುರುತಿಸಿದರು. ಭ್ರೂಣ ಇನ್ನೂ ರೂಪ ತಾಳುವ ಮೊದಲ ದಿನಗಳಲ್ಲೇ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಿಂದ (ಯೋಕ್ ಸ್ಯಾಕ್) ಹೊರಟು ಮಿದುಳಿಗೆ ಬಂದು ನೆಲೆಸುವ ಕೋಶಗಳು ಇವು. ಬಂದವು ಮತ್ತೆ ಹೊರಗೆ ಹೋಗುವುದಿಲ್ಲ. ಜೀವಮಾನವಿಡೀ ಕೈಚಾಚಿ ಸುತ್ತಲಿನ ನರತಂತುಗಳನ್ನು ಮುಟ್ಟಿ ಮುಟ್ಟಿ ನೋಡುತ್ತವೆ, ಕೆಟ್ಟದ್ದನ್ನು ನುಂಗುತ್ತವೆ. ಮುದಿ ಇಲಿಗಳಲ್ಲಿ ಈ ಕಾವಲುಗಾರರು ಆಗಲೇ ಅರ್ಧ ಎಚ್ಚೆತ್ತು ಕೂತಿರುತ್ತಾರೆ. ಹೊಟ್ಟೆಯೊಳಗೆ ಅದೇ ಪ್ರಮಾಣದ ಬ್ಯಾಕ್ಟೀರಿಯಾ ಅಂಶ ಕೊಟ್ಟರೆ ಎಳೆಯ ಇಲಿಗಳ ಮಿದುಳಿಗಿಂತ ಮುದಿ ಇಲಿಗಳ ಮಿದುಳಿನಲ್ಲಿ ಸೈಟೋಕೈನ್ ಜಾಸ್ತಿ ಏರುತ್ತದೆ, ಇಳಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹಳೆಯ ನಾಯಿ ರಾತ್ರಿ ಎಲೆ ಬಿದ್ದ ಸದ್ದಿಗೂ ಬೊಗಳುತ್ತದಲ್ಲ. ಬೊಗಳಿದ್ದು ಸುಳ್ಳಲ್ಲ, ಸದ್ದು ಆಗಿತ್ತು. ಆದರೆ ಆ ಗಲಾಟೆಯಲ್ಲಿ ಮನೆಯೊಳಗಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಗಮನ, ಇವತ್ತು ಯಾವ ವಾರ ಎಂಬ ಅರಿವು, ಎದುರಿಗಿರುವ ಮುಖದ ಹೆಸರು, ಇಂಥ ನಾಜೂಕಿನ ಕೆಲಸಗಳು ಮೊದಲು ಕೈಬಿಡುತ್ತವೆ. ಸಂಜೆಯಾದಂತೆ ಹೆಚ್ಚುತ್ತದೆ, ಬೆಳಿಗ್ಗೆ ತಿಳಿಯಾಗುತ್ತದೆ. ಡೆಲಿರಿಯಂನ ಗುರುತೇ ಈ ಏರಿಳಿತ.

ಎಲ್ಲರೂ ಅಮ್ಮನ ಹಾಗೆ ಮಾತಾಡುವುದಿಲ್ಲ. ಎಷ್ಟೋ ಹಿರಿಯರು ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ. “ಪಾಪ, ಶಾಂತವಾಗಿ ಮಲಗಿದ್ದಾರೆ” ಎಂದು ಮನೆಯವರು ಸುಮ್ಮನಿರುತ್ತಾರೆ. ಅದೂ ಸನ್ನಿಯೇ, ಕಣ್ಣು ತಪ್ಪಿಸಿಕೊಳ್ಳುವುದರಿಂದ ಅದರ ಅಪಾಯ ಹೆಚ್ಚು. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರುವುದು, ನೀರು ಕುಡಿಯದೆ ಒಣಗಿರುವುದು, ಹೊಸದಾಗಿ ಶುರುವಾದ ಮಾತ್ರೆ, ಮೂತ್ರ ಕಟ್ಟಿಕೊಂಡಿರುವುದು, ಮಲಬದ್ಧತೆ ಕೂಡ ಇದನ್ನು ತರಬಹುದು. ಮನೆಯ ಹಿರಿಯರು ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ ಎಂದರೆ ಅದು ತುರ್ತು. ಯಾರಾದರೂ ವಯಸ್ಸಾಯ್ತಲ್ಲ ಎಂದರೆ ಮತ್ತೆ ಕೇಳಿ, ಜಗಳವಾಡಿಯಾದರೂ ಕೇಳಿ. ನಾನು ಕೇಳಲಿಲ್ಲ.

ಆ ಡಾಕ್ಟರು ನಿದ್ದೆ ಮಾತ್ರೆ ನಿಲ್ಲಿಸಿದರು, ಆಂಟಿಬಯಾಟಿಕ್ ಮತ್ತು ಡ್ರಿಪ್ ಶುರು ಮಾಡಿದರು. ನಮಗೂ ಕೆಲಸ ಕೊಟ್ಟರು. ಕನ್ನಡಕ ಹಾಕಿಸಿ. ಕಣ್ಣೆದುರು ಗಡಿಯಾರ, ಕ್ಯಾಲೆಂಡರ್ ಇಡಿ. ಹಗಲು ಕಿಟಕಿ ತೆರೆಯಿರಿ, ರಾತ್ರಿ ದೀಪ ತಗ್ಗಿಸಿ. ದಿನಕ್ಕೊಬ್ಬರು ಬದಲಾಗಬೇಡಿ, ಅದೇ ಮುಖ ಇರಲಿ. ಹೇಳಿದ್ದನ್ನು ತಪ್ಪೆಂದು ವಾದ ಮಾಡಬೇಡಿ, ಮೆಲ್ಲಗೆ ಇವತ್ತಿಗೆ ಕರೆದುಕೊಂಡು ಬನ್ನಿ. ಔಷಧಿಯಷ್ಟೇ ಇದೂ ಚಿಕಿತ್ಸೆ ಎಂದರು. ನಾನು ಕಾಲೇಜಿಗೆ ರಜೆ ಹಾಕಿದೆ. ತಮ್ಮನ ಹೆಂಡತಿ ಮನೆಯಿಂದ ಅಮ್ಮನ ಅಜ್ಜಂಪುರದ ಹಳೇ ಕಂಬಳಿಯನ್ನೇ ತಂದು ಹೊದಿಸಿದಳು. ಅದರ ವಾಸನೆ ಗುರುತಿತ್ತೋ ಏನೋ, ಅವತ್ತು ರಾತ್ರಿ ಅಮ್ಮ ಮೊದಲ ಸಲ ಮೂರು ಗಂಟೆ ಒಟ್ಟಿಗೆ ಮಲಗಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಗಂಜಿಯ ಚಮಚ ಬಾಯಿಗಿಟ್ಟಾಗ ಮುಖ ಕಿವುಚಿ, “ಇದಕ್ಕೆ ಮಾವಿನಮಿಡಿ ಇಲ್ವಾ? ಯಾವಾಗ ಬಂದೆ ನೀನು, ಕಾಲೇಜಿಲ್ವಾ?” ಎಂದಳು. ತಮ್ಮ ಕಾರಿಡಾರಿಗೆ ಹೋಗಿ ಗೋಡೆಗೆ ಒರಗಿ ನಿಂತುಬಿಟ್ಟ.

ಆ ದಿನಗಳು ಅಮ್ಮನಿಗೆ ಹೆಚ್ಚು ನೆನಪಿಲ್ಲ. ತುಂಬ ಮಳೆ ಇತ್ತು, ಯಾರೋ ಬಾಗಿಲು ಹಾಕಿ ಬಂದೆ ಅನ್ನುತ್ತಿದ್ದರು, ಅಷ್ಟು. ಡೆಲಿರಿಯಂ ಆಗಿ ಎದ್ದವರಲ್ಲಿ ಮುಂದೆ ಮರೆವು ಬರುವ ಸಂಭವ ಉಳಿದವರಿಗಿಂತ ಹೆಚ್ಚು ಎಂಬುದನ್ನು ಓದಿದ್ದೇನೆ. ಅವಳಿಗೆ ಹೇಳಿಲ್ಲ. ನೀರಿನ ಲೆಕ್ಕ ಇಡುತ್ತೇವೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇವೆ, ಸಂಜೆ ಹೊತ್ತು ಮಾತು ಕಡಿಮೆಯಾದರೆ ಎಲ್ಲರೂ ಕಿವಿಗೊಡುತ್ತೇವೆ.

ಪದಬಂಧ ಈಗಲೂ ತುಂಬುತ್ತಾಳೆ. ಮೊದಲಿನಂತೆ ಕಾಫಿ ಆರುವುದರೊಳಗೆ ಆಗುವುದಿಲ್ಲ. ಎರಡು ಮೂರು ಮನೆ ಖಾಲಿ ಇಟ್ಟು ಪತ್ರಿಕೆ ಮಡಿಸಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾಳೆ. ರಜೆಯಲ್ಲಿ ಹೋದಾಗ ನನಗೆ ಉತ್ತರ ಕಂಡರೂ ಹೇಳುವುದಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿರುವಾಗ ಮಹಡಿಯಿಂದ ಕೂಗು ಬರುತ್ತದೆ, ನನ್ನ ಹೆಸರು ಹಿಡಿದು, “ಸಿಕ್ಕಿತು ಕಣೇ.”